ಶ್ರೀ ಇಲ್ಲದ ಉತ್ತರ

ಒಂದೇ ಒಂದು ಅಕ್ಷರ ಸಿದ್ದೇಶ್ವರನ ನೌಕರಿಗೆ ಅಡ್ಡ ಮಲಗಿತು, ಅದೂ ಮಂಗಳಾಕ್ಷರ.

ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಅಣ್ಣಾರಾಯ ಸಾವ್ಕಾರರ ಚಾದರ ಕಾರಖಾನೆಗೆ ತೊಂಬತ್ತೊಂಬತ್ತರಲ್ಲಿ ಇಂಟರ್ನೆಟ್ ಬಂತು. ಅದರ ಬೆನ್ನಿಗೇ ಚಪಳಗಾಂವದಿಂದ ಸಿದ್ದೇಶ್ವರನೂ ಬಂದ, ಮೂರು ತಿಂಗಳ ಕರಾರಿನ ಮೇಲೆ. ಚಾದರ ಕೊಳ್ಳುವ ಮುಂಬಯಿಯ ಸೇಠರ ಕಂಪ್ಯೂಟರು ದಾಸ್ತಾನು ಕೇಳಿದೊಡನೆ ಇಲ್ಲಿಯದು ತಾನಾಗಿಯೇ ಉತ್ತರ ಕೊಡಬೇಕು, ಅದೂ ಅವರು ಹೇಳಿದ ನಮೂನೆಯಲ್ಲೇ: ಬಣ್ಣ, ಸಂಖ್ಯೆ, ದರ, ನಡುವೆ ಒಂದೊಂದು ಅಲ್ಪವಿರಾಮ. ಅಂದು ಸಂಜೆ ನಾಲ್ಕಕ್ಕೆ ಅದು ಮೊದಲ ಸಲ ಕೇಳುವುದಿತ್ತು. ಉತ್ತರ ಸರಿಹೋದರೆ ನೌಕರಿ ಕಾಯಂ. ಇಲ್ಲದಿದ್ದರೆ ಊರಲ್ಲಿ ಮಾವನ ಎಮ್ಮೆಗಳು ಅಳಿಯನ ದಾರಿ ಕಾಯುತ್ತಲೇ ಇದ್ದವು.

ಮುಂಜಾನೆ ಮ್ಯಾನೇಜರ ಪಂಢರಿನಾಥರು ಉತ್ತರದ ನಮೂನೆಯನ್ನು ಇಲಿ ಕಡಿದ ಚಾದರದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ಏನೋ ಇದು, ಮ್ಯಾಲೆ ಶ್ರೀ ಇಲ್ಲ?”

“ಕಾಕಾ, ಅದು ಮಶೀನ್ ಓದೂದ್ರಿ. ಅದಕ್ಕ ಶ್ರೀ ಯಾಕ?”

“ಮಶೀನ್ ಇದ್ರ ಏನಾತು? ದಸರಾಕ್ಕ ಅದಕ್ಕೂ ಕುಂಕುಮ ಹಚ್ಚೂದಿಲ್ಲೇನು? ಶ್ರೀ ಇಲ್ಲದ ಕಾಗದ ಸಾವಿನ ಸುದ್ದಿ ಹೊತ್ತು ಸೂತಕದ ಮನಿಂದಷ್ಟ ಹೋಗ್ತದ. ಹಾಕು.”

ಹಾಕಿದ. ಟೈಪಿಸ್ಟ್ ವೇಣೂಬಾಯಿ ಕನ್ನಡಕ ಏರಿಸಿದಳು. “ಸಿದ್ದು, ಶ್ರೀ ಹಾಕಿ ಸೀದಾ ಚಾದರಕ್ಕ ಬಂದ್ಯಲ್ಲೋ. ಕಾಲಿಗೆ ನೀರು ಕೊಡಲಾರದ ಊಟಕ್ಕ ಕುಂಡ್ರಿಸಿದಂಗ ಆತು. ‘ಇಲ್ಲಿ ಎಲ್ಲಾ ಕ್ಷೇಮ’ ಅಂತ ಒಂದು ಸಾಲ ಬರಿ.”

ಬರೆದ. ಹನ್ನೆರಡಕ್ಕೆ ಪರೀಕ್ಷೆಗೆಂದು ಉತ್ತರ ಕಳಿಸಿದ್ದೇ ತಡ, ಮುಂಬಯಿಯ ಇಂಜಿನಿಯರ ಫೋನಿನಲ್ಲಿ ಉರಿದುಬಿದ್ದ. ಅಲ್ಲಿಯ ಕಂಪ್ಯೂಟರು ‘ಶ್ರೀ’ ಎಂಬುದನ್ನು ಚಾದರದ ಬಣ್ಣವೆಂದು ಬರೆದುಕೊಂಡು, ‘ಕ್ಷೇಮ’ ಎಷ್ಟು ಡಜನ್ ಎಂದು ಕೇಳುತ್ತ ಕೂತಿತ್ತಂತೆ. ಇನ್ನೊಮ್ಮೆ ಹೀಗಾದರೆ ಆರ್ಡರು ಇಚಲಕರಂಜಿಯ ಕಾರಖಾನೆಗೆ.

ನಾಲ್ಕಕ್ಕೆ ಐದು ನಿಮಿಷವಿರುವಾಗ ಪಂಢರಿನಾಥರು ಚಹಾಕ್ಕೆ ಎದ್ದರು. ಸಿದ್ದೇಶ್ವರ ವೇಣೂಬಾಯಿಯ ಬೆನ್ನಿನ ಮೇಲೆ ಒಂದು ಕಣ್ಣಿಟ್ಟು ಶ್ರೀಯನ್ನೂ ಕ್ಷೇಮವನ್ನೂ ಕಿತ್ತೊಗೆದ. ಮೋಡೆಮ್ಮು ಎಣ್ಣೆ ಎರೆಯುವಾಗಿನ ಕೂಸಿನಂತೆ ಕಿರುಚಿ ಸುಮ್ಮನಾಯಿತು. ಉತ್ತರ ಹೋಯಿತು.

“ಏಕದಂ ಬರೋಬರ್,” ಎಂದು ಇಂಜಿನಿಯರ ಫೋನು ಮಾಡಿದ. ಸಿದ್ದೇಶ್ವರ ಎಲ್ಲರಿಗೂ ಭಜಿ ತರಿಸಿದ.

ಭಜಿ ಬಾಯಿಗಿಡುವಷ್ಟರಲ್ಲಿ ಸಾವ್ಕಾರರ ಕೋಣೆಯ ಫೋನು ಹೊಡೆದುಕೊಂಡಿತು. “ಹಲೋ... ನಾಹಿ ಸೇಠಜಿ... ಐಕಾ ತರಿ... ಕೇಳ್ರಿ ಅಂದ್ರ...” ಎಂಬುದಷ್ಟೇ ಹೊರಗೆ ಕೇಳಿಸಿತು. ಆಮೇಲೆ ಅಣ್ಣಾರಾಯರೇ ಬಂದರು. ಮುಖ ಬಣ್ಣ ಕಾಣದ ನೂಲಿನಂತಿತ್ತು.

“ಸೇಠಜಿ ಬಂದ ಉತ್ತರ ಎಲ್ಲಾ ಕಾಗದಕ್ಕ ಇಳಿಸಿ ಓದ್ತಾರಂತ. ಹನ್ನೆರಡರದರಾಗ ಶ್ರೀ ಇತ್ತು, ಕ್ಷೇಮ ಇತ್ತು. ನಾಲ್ಕರದರಾಗ ಎರಡೂ ಇಲ್ಲ. ನಾನು ಹೋದೆ ಅಂತ ತಿಳದಾರ. ನನ್ನ ದನಿ ಕೇಳಿ ನನ್ನ ಮಗಾ ಅಂದ್ಕೊಂಡು, ‘ನಿಮ್ಮಪ್ಪ ದೇವರಂಥಾ ಮನಷ್ಯಾ’ ಅಂತ ಅತ್ತು ಫೋನ್ ಇಟ್ರು.”

ಪಂಢರಿನಾಥರು ಇನ್ನೊಂದು ಭಜಿ ತಗೊಂಡರು.

“ಆರ್ಡರ್, ಸಾವ್ಕಾರ್ರ?” ಸಿದ್ದೇಶ್ವರ ತೊದಲಿದ.

“ಸೂತಕದ ಮನಿ ಮಾಲು ಹದಿಮೂರು ದಿವಸ ಮುಟ್ಟೂದಿಲ್ಲಂತ.” ಸಾವ್ಕಾರರು ಅವನ ಕೈಯಿಂದ ಭಜಿಯ ತಟ್ಟೆ ಇಸಿದುಕೊಂಡರು. “ನೀನೂ ಊರಿಗೆ ಹೋಗು. ಮದಲ ನನ್ನ ಹದಿಮೂರು ದಿವಸ ಮುಗೀಲಿ. ನಿನ್ನ ನೌಕರಿ ಆಮ್ಯಾಲ ನೋಡೂಣು.”