ಉಸಿರು ಬಿಗಿಹಿಡಿದ ಅಳತೆ

ಆ ಬೀದಿಯ ಟೈಲರ್ ಹೆದರುತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬರು ಅವನ ಅತ್ತೆ. ಇನ್ನೊಬ್ಬರು ಕನಸಿನಲ್ಲಿ ಬರುವ ಅತ್ತೆ. (ಎರಡನೆಯವರು ಎಷ್ಟೋ ವಾಸಿ, ಎಚ್ಚರವಾದರೆ ಹೊರಟುಹೋಗುತ್ತಾರೆ.) ಆಕೆ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಎಲ್ಲರ ಬಾಯಲ್ಲೂ 'ದೊಡ್ಡ ಮೇಡಂ'. ನಿವೃತ್ತಿಯಾದದ್ದು ಶಾಲೆಯಿಂದಷ್ಟೆ, ಮೇಡಂತನದಿಂದಲ್ಲ. ಆಕೆ ಬೀದಿಯಲ್ಲಿ ಬರುತ್ತಿದ್ದಾರೆಂದರೆ ತಲೆ ನರೆತ ಗಂಡಸರೂ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ರಸ್ತೆಯ ಎಡಬದಿಗೆ ಸರಿಯುತ್ತಿದ್ದರು.

ಈ ಭಯದ ಮಗ್ಗುಲಲ್ಲೇ ಟೈಲರಿಗೆ ಒಂದು ಸಂಕಟವೂ ಇತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಅತ್ತೆ ಅವನ ಕೈಗೆ ಒಂದು ಕರ್ಚೀಫಿನ ಅಂಚು ಮಡಿಸಲೂ ಕೊಟ್ಟವರಲ್ಲ. ಅವರ ಬಟ್ಟೆಯೆಲ್ಲ ಎದುರಂಗಡಿಯ ಟೈಲರಿಗೆ. ಅದನ್ನಾದರೂ ಕದ್ದುಮುಚ್ಚಿ ಕೊಡುತ್ತಿದ್ದರೇ? ಇಲ್ಲ. ಬಟ್ಟೆಯ ಚೀಲ ಹಿಡಿದು ನೆಟ್ಟಗೆ ಅಳಿಯನ ಅಂಗಡಿಯ ಮುಂದೆ ನಿಂತು, "ಎಲ್ಲ ಚೆನ್ನಾಗಿದೀರಾ?" ಎಂದು ವಿಚಾರಿಸಿ, ಅಲ್ಲಿಂದ ರಸ್ತೆ ದಾಟುತ್ತಿದ್ದರು. ಟೈಲರ್ ಹಲ್ಲು ಕಿರಿದು ತಲೆಯಾಡಿಸುತ್ತಿದ್ದ. ಒಳಗೊಳಗೆ ಹೊಟ್ಟೆ ಉರಿಯುತ್ತಿತ್ತು.

ಹಾಗಿರುವಾಗ ಒಂದು ಬೆಳಿಗ್ಗೆ ದೊಡ್ಡ ಮೇಡಂ ರಸ್ತೆ ದಾಟಲಿಲ್ಲ. ಅಂಗಡಿಯ ಒಳಕ್ಕೇ ಬಂದರು.

"ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ನನಗೆ ಸನ್ಮಾನ ಇಟ್ಕೊಂಡಿದಾರೆ. ವೇದಿಕೆ ಮೇಲೆ ಮಾತಾಡ್ಬೇಕು. ಒಂದು ಉದ್ದ ಕೋಟು ಆಗ್ಬೇಕು" ಎಂದು ಬಟ್ಟೆಯನ್ನು ಮೇಜಿನ ಮೇಲಿಟ್ಟರು. "ಎದುರುಗಡೆಯವನು ಊರಲ್ಲಿಲ್ಲ."

ಕೊನೆಯ ಮಾತು ಟೈಲರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಈ ಒಂದು ಕೋಟು ಸರಿಯಾಗಿ ಕೂತಿತೋ, ಆ ಚೀಲ ಇನ್ನು ಜನ್ಮದಲ್ಲಿ ರಸ್ತೆ ದಾಟುವುದಿಲ್ಲ ಎಂದು ಅವನ ಮನಸ್ಸು ಲೆಕ್ಕ ಹಾಕಿತು.

ಇಲ್ಲಿ ಆ ಅಂಗಡಿಯ ಕಾರ್ಯವೈಖರಿಯನ್ನು ಸ್ವಲ್ಪ ಹೇಳಬೇಕು. ಮುಂದೆ ಗಂಡ ಅಳತೆ ತೆಗೆಯುತ್ತಾನೆ. ಪರದೆಯ ಹಿಂದೆ ಹೆಂಡತಿ ಬಟ್ಟೆ ಕತ್ತರಿಸುತ್ತಾಳೆ. ಈಗ ಮನುಷ್ಯಮಾತ್ರದವರ ಒಂದು ದೌರ್ಬಲ್ಯವೇನೆಂದರೆ, ಟೇಪು ಸೊಂಟಕ್ಕೆ ತಾಗಿದ ತಕ್ಷಣ ಉಸಿರು ಒಳಕ್ಕೆ ಹೋಗುತ್ತದೆ, ಎದೆ ಮುಂದಕ್ಕೆ ಬರುತ್ತದೆ. ಆ ಅಳತೆಗೆ ಹೊಲಿದರೆ ಬಟ್ಟೆ ಹಾಕಿಕೊಂಡವರು ಊಟಕ್ಕೆ ಕೂರುವಂತಿಲ್ಲ. ಆದ್ದರಿಂದ ಟೇಪು ಹೇಳಿದ್ದೊಂದು, ನಿಜ ಇನ್ನೊಂದು. ಆ ನಿಜವನ್ನು ಮೊದಲು ಪರದೆಯ ಆಚೆಗೆ ಕೂಗಿಯೇ ಹೇಳುತ್ತಿದ್ದ. ಗಿರಾಕಿಗಳು ಒಬ್ಬೊಬ್ಬರಾಗಿ ಕಾಣೆಯಾದರು. ಆಮೇಲೆ ಅವನಿಗೆ ಜ್ಞಾನೋದಯವಾಯಿತು: ವಾಟ್ಸಾಪ್! ಗಿರಾಕಿ ಮೆಟ್ಟಿಲಿಳಿದ ಕೂಡಲೇ ಫೋನನ್ನು ಬಾಯಿಗೆ ಹಿಡಿದು ಅಳತೆಯನ್ನೂ ಅದರ ಹಿಂದಿನ ಪರಮಸತ್ಯವನ್ನೂ ಪಿಸುಗುಟ್ಟಿ ಹೆಂಡತಿಗೆ ಕಳಿಸುವುದು. ಅವಳು ಫೋನನ್ನು ದಾರದ ಡಬ್ಬಕ್ಕೆ ಒರಗಿಸಿ, ಕೇಳುತ್ತಾ ಕತ್ತರಿ ಆಡಿಸುವುದು.

ಕಳಿಸಿದ ಮರುಗಳಿಗೆಯೇ ತನ್ನ ಫೋನಿನಿಂದ ಅದನ್ನು ಅಳಿಸಿಬಿಡುತ್ತಿದ್ದ. ಗಿರಾಕಿಗಳು ಕಾಲರಿನ ಚಿತ್ರ ನೋಡಲು ಅವನ ಫೋನನ್ನೇ ಇಸಿದುಕೊಳ್ಳುತ್ತಿದ್ದರಲ್ಲ, ಅದಕ್ಕೆ. (ಒಬ್ಬ ವಕೀಲರು ಕಾಲರು ನೋಡಲು ಹೋಗಿ ತಮ್ಮ ಹೊಟ್ಟೆಯ ವರ್ಣನೆ ಕೇಳುವುದು ಕೂದಲೆಳೆಯಲ್ಲಿ ತಪ್ಪಿತ್ತು.) ಒತ್ತಿ ಹಿಡಿ, 'ನನಗೆ ಮಾತ್ರ ಅಳಿಸು', ಮುಗಿಯಿತು. ಅವನ ಹೆಬ್ಬೆರಳಿಗೆ ಅದು ಸೂಜಿಗೆ ದಾರ ಪೋಣಿಸಿದಷ್ಟೇ ರೂಢಿಯಾಗಿತ್ತು.

ಅವತ್ತು ಟೇಪು ಹಿಡಿದು ಅತ್ತೆಯ ಅಳತೆ ತೆಗೆದ. ಅವರೂ ಮನುಷ್ಯಮಾತ್ರದವರೇ ಎಂಬುದು ಅವನಿಗೆ ಅವತ್ತೇ ಗೊತ್ತಾದದ್ದು. ಅವರು ಹೋದ ಮೇಲೆ ಫೋನು ಎತ್ತಿ ಪಿಸುಗುಟ್ಟಿದ:

"ಕೇಳು. ನಿಮ್ಮಮ್ಮ ಟೇಪು ನೋಡಿದ್ದೇ ಉಸಿರು ಎಳ್ಕೊಂಡೋರು, ನಾನು ಟೇಪು ಸುತ್ತಿಡೋ ತನಕ ಬಿಡ್ಲಿಲ್ಲ. ಸೊಂಟಕ್ಕೆ ಮೂರು ಬೆರಳು ಜಾಸ್ತಿ ಬಿಡು. ಎಡಗಡೆ ಭುಜ ಇಳಿದಿದೆ, ಒಳಗಿಂದ ಮೆತ್ತೆ ಕೊಡು. ಗುಂಡಿಗೆ ದಾರ ದಪ್ಪ ಹಾಕ್ಬೇಕು. ಅವರು ಭಾಷಣದ ಮಧ್ಯೆ ಒಂದ್ಸಲ ಸಿಟ್ಟಿಗೆದ್ರೆ ಗುಂಡಿ ಹಾರಿ ಮುಂದಿನ ಸಾಲಲ್ಲಿ ಯಾರ್ದಾದ್ರೂ ಕಣ್ಣು ಹೋಗತ್ತೆ. ಅವರಿಗೆ ಮಾತ್ರ ಇದು ಯಾವತ್ತೂ ಗೊತ್ತಾಗ್ಬಾರ್ದು."

ಕಳಿಸಿದ. ಅಳಿಸಿದ. ಫೋನನ್ನು ಅಂಗಿಯ ಜೇಬಿಗೆ ತುರುಕಿ ಮಷೀನಿನ ಮುಂದೆ ಬಾಗಿ ಕೂತ. ಹೆಂಡತಿ ಲೈನಿಂಗ್ ಬಟ್ಟೆ ತರಲು ಹೋಗಿದ್ದಳು. ಬಂದ ಮೇಲೆ ಕತ್ತರಿಸುತ್ತಾಳೆ. ಖುಷಿಯಲ್ಲಿ ಗುನುಗುತ್ತಾ ಪ್ಯಾಂಟುಗಳ ಗುಡ್ಡೆಯನ್ನೇ ಹೊಲಿದು ಹಾಕಿದ.

ಆಮೇಲೆ ಫೋನು ತೆಗೆದು ನೋಡಿದರೆ ಎದೆ ಧಸಕ್ಕೆಂದಿತು.

ತೆರೆದಿದ್ದದ್ದು ಹೆಂಡತಿಯ ಪುಟವಲ್ಲ. 'ತವರುಮನೆ' ಎಂಬ ಗುಂಪು! ಅತ್ತೆ, ಭಾವಮೈದ, ಹೆಂಡತಿಯ ತಂಗಿ, ಅವರ ಚಿಕ್ಕಪ್ಪ ದೊಡ್ಡಪ್ಪಂದಿರ ಸಮಸ್ತ ಪರಿವಾರವೂ ಇರುವ ಗುಂಪು. ಅದರಲ್ಲಿ ಹೊಚ್ಚಹೊಸದಾಗಿ, ಅವನದೇ ಹೆಸರಿನಲ್ಲಿ, ಒಂದು ಧ್ವನಿ ಸಂದೇಶ ಕೂತಿತ್ತು.

ಹೆಂಡತಿಯ ಫೋಟೊದಲ್ಲಿ ಅವಳ ಪಕ್ಕ ಅವಳಮ್ಮ. ಗುಂಪಿನ ಫೋಟೊದಲ್ಲಿ ಅಮ್ಮನ ಪಕ್ಕ ಅವಳು. ಖುಷಿಯಲ್ಲಿ ಇದರ ಬದಲು ಅದನ್ನು ಒತ್ತಿಬಿಟ್ಟಿದ್ದೇನೆ! ತಲೆ ಕೆಲಸ ಮಾಡುವುದು ನಿಲ್ಲಿಸಿದಾಗ ಕೆಲಸಕ್ಕೆ ಬರುವುದು ರೂಢಿಯೊಂದೇ. ಹೆಬ್ಬೆರಳು ತಾನಾಗಿ ಎದ್ದಿತು. ಒತ್ತಿ ಹಿಡಿಯಿತು. 'ನನಗೆ ಮಾತ್ರ ಅಳಿಸು.'

ಸಂದೇಶ ಮಾಯವಾಯಿತು. "ಉಳ್ಕೊಂಡೆ!" ಎಂದು ಅವನ ಬಾಯಿಂದ ಬಂದೂ ಬಿಟ್ಟಿತು. ಆಮೇಲೆ ಒತ್ತಿದ್ದು ಏನು ಎಂಬುದು ನಿಧಾನವಾಗಿ ತಲೆಗೆ ಇಳಿಯಿತು. ಹೋದದ್ದು ಅವನೊಬ್ಬನ ಫೋನಿನಿಂದ. ಉಳಿದ ಎಲ್ಲರ ಫೋನಿನಲ್ಲೂ ಅದು ಕಲ್ಲಿನ ಹಾಗೆ ಕೂತಿದೆ. ಅವರೆಲ್ಲ ಕೇಳಬಹುದು. ಅವನು ಕೇಳುವಂತಿಲ್ಲ, ಕೀಳುವಂತೆಯೂ ಇಲ್ಲ.

ಹೆಂಡತಿಗೆ ಫೋನು ಮಾಡೋಣವೆಂದುಕೊಂಡ. ಆದರೆ ಏನೆಂದು ಹೇಳುವುದು? 'ನಿಮ್ಮಮ್ಮನ ಸೊಂಟವನ್ನು ಬಂಧುಬಳಗಕ್ಕೆಲ್ಲ ಹಂಚಿದ್ದೇನೆ, ಬರುವಾಗ ಬಿಳಿ ದಾರ ತಾ' ಎಂದೇ? ಅಷ್ಟರಲ್ಲಿ ಫೋನು ಟಿಣ್ ಎಂದಿತು. ಅವನು ಸ್ಟೂಲಿನಿಂದ ಎಗರಿಬಿದ್ದ.

ಹೆಂಡತಿಯ ತಂಗಿ ಬರೆದಿದ್ದಳು: "ಭಾವ, ಏನಿದು! ಜೋರಾಗಿ ಹಾಕ್ಬಿಟ್ಟೆ, ನಮ್ಮ ಮಾವನೋರಿಗೂ ಕೇಳಿಸ್ತು."

ಟೈಲರ್ ಕಣ್ಣು ಮುಚ್ಚಿಕೊಂಡ. ಮತ್ತೆ ಟಿಣ್. ಈ ಬಾರಿ ಭಾವಮೈದ: "ಪೂರ್ತಿ ಕೇಳಿದೆ ಭಾವ. ಕೊನೇಲಂತೂ ತಡ್ಕೊಳಕ್ಕಾಗ್ಲಿಲ್ಲ. ಅಮ್ಮ ಕೇಳ್ಲಿ, ಇದೆ ನಿಮಗೆ!"

ಕೊನೇಲಿ ಇದ್ದದ್ದು ಗುಂಡಿ! ಅಯ್ಯೋ, ಆ ಗುಂಡಿಯ ಮಾತೊಂದನ್ನು ಆಡದೆ ಇದ್ದಿದ್ದರೆ! ಆದರೆ 'ಅಮ್ಮ ಕೇಳ್ಲಿ' ಎಂದಿದ್ದಾನೆ. ಅಂದರೆ ಅಮ್ಮ ಇನ್ನೂ ಕೇಳಿಲ್ಲ. ಅವರ ಮನೆ ಎರಡು ಬೀದಿಯಾಚೆ. ಓಡಿಹೋಗಿ, ಏನೋ ನೆಪ ಹೇಳಿ, ಅವರ ಫೋನು ಕೈಗೆ ತೆಗೆದುಕೊಂಡು, ಅವರ ಕಡೆಯಿಂದ ಅದನ್ನು ಒರೆಸಿಹಾಕಿದರೆ? ಉಳಿದವರ ಕಾಲಿಗೆ ಆಮೇಲೆ ಬಿದ್ದರಾಯಿತು. ಟೇಪನ್ನು ಕೊರಳಿಗೆ ಹಾಕಿಕೊಂಡು ಅಂಗಡಿಯ ಬಾಗಿಲು ಎಳೆದ. ಎದುರಂಗಡಿಯ ಬೀಗ ಅವನನ್ನು ನೋಡಿ ನಕ್ಕಂತೆ ಅನಿಸಿತು.

ಅವನು ಎಂದೂ ಹೀಗೆ ಓಡಿದವನಲ್ಲ. ತರಕಾರಿ ಅಂಗಡಿಯವನು "ಏನ್ ಟೈಲರೇ, ಯಾರಿಗೇನಾಯ್ತು?" ಎಂದು ಕೂಗಿದ. ಆಗಬೇಕಾಗಿರುವುದು ತನಗೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ಆಗಲಿದೆ ಎಂದು ಹೇಳಲು ಅವನಿಗೆ ಉಸಿರಿರಲಿಲ್ಲ. ಅತ್ತೆಯ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಒಳಗಿನಿಂದ, ಶಾಲೆಯ ಅಂಗಳದಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮಾತಾಡುವ ಆ ಧ್ವನಿ ಕೇಳಿಸಿತು.

"...ನಾಲ್ಕು ಜನ ಇರೋ ಜಾಗದಲ್ಲಿ ಏನು ಕಳಿಸ್ಬೇಕು, ಏನು ಕಳಿಸ್ಬಾರ್ದು ಅನ್ನೋ ಪರಿಜ್ಞಾನ ದೊಡ್ಡೋರಿಗೇ ಇಲ್ದಿದ್ರೆ..."

ಬಾಗಿಲು ತೆರೆದೇ ಇತ್ತು. ದೊಡ್ಡ ಮೇಡಂ ನೆಟ್ಟಗೆ ಕುರ್ಚಿಯಲ್ಲಿ ಕೂತು, ಫೋನನ್ನು ಬಾಯಿಯ ಮುಂದೆ ಕನ್ನಡಿಯಂತೆ ಹಿಡಿದು ಗುಂಪಿಗೆ ಉಪದೇಶ ರೆಕಾರ್ಡು ಮಾಡುತ್ತಿದ್ದರು. ಅಳಿಯನನ್ನು ಕಂಡು ಮಾತು ನಿಲ್ಲಿಸಿದರು. ಫೋನಿನಲ್ಲಿ ಕೆಂಪು ಚುಕ್ಕೆ ಮಿನುಗುತ್ತಲೇ ಇತ್ತು.

"ಬನ್ನಿ. ನಿಮ್ಮ ವಿಷಯಾನೇ ಮಾತಾಡ್ತಿದ್ದೆ. ನೀವು ಕಳಿಸಿದ್ದು ಕೇಳ್ದೆ."

"ಪೂ... ಪೂರ್ತಿನಾ ಅತ್ತೆ?"

"ನಾನು ಯಾವುದನ್ನೂ ಅರ್ಧಕ್ಕೆ ಬಿಟ್ಟೋಳಲ್ಲ."

ಟೈಲರ್ ಎದುರಿನ ಬೆತ್ತದ ಮೋಡಾದ ಮೇಲೆ ಕೂತನೋ ಬಿದ್ದನೋ ಹೇಳುವುದು ಕಷ್ಟ. ಕೂತವನು ಒಂದೇ ಉಸಿರಿಗೆ ಶುರು ಮಾಡಿದ.

"ಅತ್ತೆ, ತಪ್ಪಾಯ್ತು. ನಾನು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ. ನೀವು ಉಸಿರು ಬಿಗಿ ಹಿಡಿದಿದ್ರಿ, ನಾನು ಟೇಪು ಸುತ್ತಿಡೋ ತನಕ ಬಿಡ್ಲೇ ಇಲ್ಲ. ಅದಕ್ಕೆ ಸೊಂಟಕ್ಕೆ ಮೂರು ಬೆರಳು ಜಾಸ್ತಿ ಬಿಡು ಅಂದೆ. ಎರಡು ಸಾಕಾಗಲ್ಲ ಅತ್ತೆ, ನಿಜವಾಗ್ಲೂ ಸಾಕಾಗಲ್ಲ! ಎಡಗಡೆ ಭುಜ ಇಳಿದಿರೋದು ಎಷ್ಟೋ ಜನಕ್ಕೆ ಇರತ್ತೆ, ಮೆತ್ತೆ ಇಟ್ರೆ ದೇವರಿಗೂ ಗೊತ್ತಾಗಲ್ಲ. ಇನ್ನು ಆ ಗುಂಡಿ... ನೀವು ಸಿಟ್ಟಾದ್ರೆ ಗುಂಡಿ ಹಾರಿ ಮುಂದಿನ ಸಾಲಿನೋರ ಕಣ್ಣು ಹೋಗತ್ತೆ ಅಂದದ್ದು ಬಾಯಿ ತಪ್ಪಿ ಬಂದ ಮಾತು. ಅಷ್ಟು ದೂರ ಏನೂ ಹಾರಲ್ಲ!"

ದೊಡ್ಡ ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

"ಯಾವ ಉಸಿರು? ಯಾವ ಗುಂಡಿ?" ಎಂದರು. ಫೋನಿನ ಮೇಲೆ ಮಿನುಗುತ್ತಿದ್ದ ಚುಕ್ಕೆಯನ್ನು ನಿಲ್ಲಿಸಲು ಕಣ್ಣಿಗೆ ಬಿದ್ದ ಹಸಿರು ಬಾಣವನ್ನು ಒತ್ತಿದರು. "ನೀವು ಕಳಿಸಿದ್ದು ಇದು."

ಫೋನು ಹಾಡತೊಡಗಿತು. ಟಕಟಕಟಕಟಕ... ಟಕಟಕಟಕ... ಹೊಲಿಗೆ ಮಷೀನು. ನಡುವೆ ಅವನದೇ ಬೇಸೂರು ಗುನುಗು. ಒಂದು ಸೀನು. ಮತ್ತೆ ಟಕಟಕಟಕ. ಕೊನೆಯಲ್ಲಿ ದಪ್ಪ ಬಟ್ಟೆಗೆ ಸೂಜಿ ಸಿಕ್ಕಿ ಕಿವಿ ಹರಿಯುವ ಕಿರ್ರೆಂಬ ಸದ್ದು.

ಟೈಲರ್ ಬಾಯಿ ತೆರೆದು ಕೂತ. ಬಾಗಿ ಹೊಲಿಯುವಾಗ ಜೇಬಿನೊಳಗೆ ಅದುಮಿಕೊಂಡ ಫೋನು ತನ್ನಷ್ಟಕ್ಕೆ ಗುಂಪಿಗೆ ಕಳಿಸಿದ್ದು ಇದು! ಅಳತೆ ಹೋಗಬೇಕಾದ ಕಡೆಗೇ ಹೋಗಿತ್ತು. ಹೋಗಬಾರದ ಕಡೆಗೆ ಅದನ್ನು ಹೊತ್ತು ತಂದು, ಬಿಡಿಬಿಡಿಯಾಗಿ ಒಪ್ಪಿಸಿದವನು ಅವನೇ.

ಅವನು ತಲೆ ತಗ್ಗಿಸಿ ತೀರ್ಪಿಗೆ ಕಾದ. ಬಟ್ಟೆ ವಾಪಸು ಕೇಳುತ್ತಾರೆ. ಹೆಂಡತಿಯನ್ನೂ ವಾಪಸು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ದೊಡ್ಡ ಮೇಡಂ ಫೋನನ್ನು ಮೇಜಿನ ಮೇಲಿಟ್ಟರು. ಮಾತಾಡಿದಾಗ ಧ್ವನಿ ಮೆತ್ತಗಿತ್ತು.

"ಎದುರಂಗಡಿಯವನು ಇದನ್ನ ಯಾವತ್ತೂ ಹೇಳ್ಲಿಲ್ಲ. ನಾನು ಉಸಿರು ಹಿಡಿದು ಕೊಟ್ಟ ಅಳತೆಗೇ ಹೊಲೀತಿದ್ದ. ವೇದಿಕೆ ಮೇಲೆ ನಾಲ್ಕು ಮಾತಾಡಿದ್ರೆ ಏದುಸಿರು ಬರೋದು. ವಯಸ್ಸಾಯ್ತು, ಇನ್ನು ನನ್ನ ಕೈಲಾಗಲ್ಲ ಅಂದ್ಕೊಂಡಿದ್ದೆ. ಈ ಸನ್ಮಾನಕ್ಕೂ ಬರಲ್ಲ ಅನ್ನೋಣ ಅಂತಿದ್ದೆ. ಅಷ್ಟು ಭಯ ಆಗಿತ್ತು ನನಗೆ."

ದೊಡ್ಡ ಮೇಡಂಗೂ ಭಯವಾಗುತ್ತದೆಂಬುದು ಟೈಲರಿಗೆ ಗೊತ್ತಿರಲಿಲ್ಲ. ಅವರು ಎದ್ದು ನಿಂತರು. ಕಣ್ಣು ಮುಚ್ಚಿ, ಎಷ್ಟೋ ವರ್ಷಗಳಿಂದ ಕಟ್ಟಿಟ್ಟಿದ್ದಂತಿದ್ದ ಉಸಿರನ್ನು ಮೆಲ್ಲಗೆ ಹೊರಗೆ ಬಿಟ್ಟರು.

"ಹೂಂ, ಈಗ ಅಳೀರಿ. ಇನ್ಮೇಲೆ ನನ್ನ ಬಟ್ಟೆಯೆಲ್ಲ ನಿಮ್ಮ ಹತ್ರಾನೇ. ಆದ್ರೆ ಒಂದು ಮಾತು ಅಳಿಯಂದಿರೇ. ಈ ಮೂರು ಬೆರಳಿನ ವಿಷಯ ಈ ಕೋಣೆ ದಾಟಬಾರ್ದು. ಇದು ಕೋಣೆ ದಾಟಿದ ದಿನ ನನ್ನ ಬಟ್ಟೆ ರಸ್ತೆ ದಾಟತ್ತೆ."

"ದೇವರಾಣೆಗೂ ದಾಟಲ್ಲ ಅತ್ತೆ!" ಎಂದ ಟೈಲರ್. ಅವನಿಗೆ ಕುಣಿಯುವಷ್ಟು ಸಂತೋಷವಾಗಿತ್ತು.

ಟಿಣ್ ಎಂದಿತು ಮೇಜಿನ ಮೇಲಿನ ಫೋನು. ಟಿಣ್. ಟಿಣ್. ಟಿಣ್ ಟಿಣ್.

"ಯಾರು ನೋಡಿ" ಎಂದರು ಅತ್ತೆ, ಕೈಗಳನ್ನು ಅಗಲಿಸಿ ಅಳತೆಗೆ ನಿಂತು.

ಟೈಲರ್ ನೋಡಿದ. 'ತವರುಮನೆ' ಗುಂಪಿನಲ್ಲಿ ಅತ್ತೆಯ ಹೆಸರಿನಿಂದ ಒಂದು ಉದ್ದನೆಯ ಧ್ವನಿ ಸಂದೇಶ ಹೋಗಿತ್ತು. ಚುಕ್ಕೆ ನಿಲ್ಲಿಸಲೆಂದು ಅವರು ಒತ್ತಿದ ಹಸಿರು ಬಾಣ! ಮೊದಲರ್ಧ ಅವರ ಉಪದೇಶ, ಎರಡನೆಯ ಅರ್ಧ ಅವನ ತಪ್ಪೊಪ್ಪಿಗೆ, ಉಸಿರಿನಿಂದ ಗುಂಡಿಯವರೆಗೆ. ಕೆಳಗೆ ಬಿದ್ದು ಬಿದ್ದು ನಗುವ ಮುಖಗಳ ಮೆರವಣಿಗೆ. ಅದರ ನಡುವೆ ಹೆಂಡತಿ: "ಅಮ್ಮನ ಅಳತೆ ನನಗೆ ಆಗ್ಲೇ ಬಂದಿತ್ತಲ್ರೀ. ಊರಿಗೆಲ್ಲ ಯಾಕೆ ಹೇಳೋಕೆ ಹೋದ್ರಿ?"

ಅರ್ಧ ಗುಂಪು ಇನ್ನೂ ಕೇಳಿಲ್ಲ ಎಂಬುದು ಅವನಿಗೆ ಹೊಳೆಯಿತು. ಎಲ್ಲರ ಫೋನಿನಿಂದಲೂ ಕಿತ್ತುಹಾಕಲು ದಾರಿಯಿದೆ! ಇದು ಅತ್ತೆಯ ಫೋನು, ಸಂದೇಶ ಅವರದು. ಒತ್ತಿ ಹಿಡಿದ. ಎರಡು ಸಾಲು ಮೂಡಿದವು, ಮೇಲಿನದು 'ಎಲ್ಲರಿಗೂ ಅಳಿಸು'. ಮೇಲಿನದು ಬೇಕು, ಮೇಲಿನದು, ಮೇಲಿನದು ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಹೆಬ್ಬೆರಳು ತನ್ನ ರೂಢಿಯ ಜಾಗಕ್ಕೆ ಹೋಗಿ ಕೂತಿತು.

'ನನಗೆ ಮಾತ್ರ ಅಳಿಸು.'

"ಏನಂತೆ?"

"ಏ... ಏನಿಲ್ಲ ಅತ್ತೆ. ಎಲ್ಲರೂ... ಚೆನ್ನಾಗಿದಾರಂತೆ."

"ಸರಿ. ಅಳತೆ ಆದ್ಮೇಲೆ ನಾನೇ ನೋಡ್ತೀನಿ, ಅಲ್ಲಿಡಿ."

ಅವನು ಫೋನನ್ನು ಮೇಜಿನ ಮೇಲೆ ಮಲಗಿಸಿ, ಟೇಪನ್ನು ಅವರ ಸೊಂಟಕ್ಕೆ ಸುತ್ತಿದ. ಜೀವಮಾನದಲ್ಲಿ ಇಷ್ಟು ನಿಧಾನವಾಗಿ ಅವನು ಅಳತೆ ತೆಗೆದಿರಲಿಲ್ಲ. ಒಂದು ಸಲ ಅಳೆದ. ಮತ್ತೊಂದು ಸಲ ಅಳೆದ. ಮೇಜಿನ ಮೇಲೆ ಟಿಣ್ ಟಿಣ್ ನಡೆದೇ ಇತ್ತು. ಅತ್ತೆ ಆರಾಮವಾಗಿ ಉಸಿರಾಡುತ್ತಾ ಅವನ ಮುಖವನ್ನೇ ನೋಡಿದರು.

"ಉಸಿರು ಬಿಡಿ ಅಳಿಯಂದಿರೇ," ಎಂದರು. "ಟೇಪು ಸುತ್ತಿರೋದು ನನಗೆ."