ಬೇವಿನ ಕಂಬದ ಬುಡ ಯಾವ ಕಡೆ

ನಾನು ನಿಂತದ್ದು ತಿರ್ಲಾಪುರದಲ್ಲಿ, ಗುರುಸಿದ್ದಪ್ಪ ಮಾಸ್ತರರು ಕಟ್ಟಿಸುತ್ತಿದ್ದ ಮನೆಯ ತಲಬಾಗಿಲಿನ ಜಾಗದಲ್ಲಿ, ಚೌಕಟ್ಟಿನ ಬಲಗಂಬದಿಂದ ಎರಡು ಮೊಳ ದೂರ. ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಗಡಿಯಾರ ಮಾಸ್ತರರದು. ಮುಹೂರ್ತ ಒಂಬತ್ತೂವರೆಗೆ ಮುಗಿಯುತ್ತಿದ್ದುದರಿಂದ ಅವರು ಎರಡೆರಡು ನಿಮಿಷಕ್ಕೊಮ್ಮೆ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ನನ್ನ ಬಲಗೈಯಲ್ಲಿ, ಕಂಬ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡು ಇತ್ತು. ಇಷ್ಟು ನಿಖರವಾಗಿ ಹೇಳುವುದಕ್ಕೆ ಕಾರಣವಿದೆ. ಆ ದಿನದ ಬಗ್ಗೆ ಸುತ್ತಲಿನ ಊರುಗಳಲ್ಲಿ ಈಗ ಬೇರೆ ಬೇರೆ ಕಥೆಗಳು ಓಡಾಡುತ್ತಿವೆ. ಒಂದರಲ್ಲಿ ನಾನು ಓಡಿಹೋದೆ ಎಂದೂ ಇದೆ. ನಾನು ಓಡಲಿಲ್ಲ. ನನ್ನ ಹಿಂದೆ ಇಟ್ಟಿಗೆಯ ರಾಶಿ ಇತ್ತು.

ನನ್ನದು ಅಣ್ಣಿಗೇರಿಯಲ್ಲಿ ಬಡಿಗತನದ ಅಂಗಡಿ. ಬಾಗಿಲು, ಕಿಟಕಿ, ಮಂಚ, ಒಮ್ಮೊಮ್ಮೆ ಕೂರಿಗೆ. ನಮ್ಮ ಕಡೆ ತಲಬಾಗಿಲಿನ ಕಂಬಕ್ಕೆ ಒಂದು ನಿಯಮವಿದೆ. ಮರ ನೆಲದಲ್ಲಿ ಹೇಗೆ ನಿಂತಿತ್ತೋ ಕಂಬವೂ ಹಾಗೆಯೇ ನಿಲ್ಲಬೇಕು. ಬುಡ ಕೆಳಗೆ, ತುದಿ ಮೇಲೆ. ತಲೆಕೆಳಗಾದರೆ ಮನೆ ಏಳಿಗೆಯಾಗುವುದಿಲ್ಲ ಎನ್ನುತ್ತಾರೆ. ಅದು ನಿಜವೋ ಸುಳ್ಳೋ ನಾನು ಹೇಳಲಾರೆ. ಆದರೆ ಮಾಸ್ತರರ ತಾಯಿ ನೀಲವ್ವನವರ ಮಟ್ಟಿಗೆ ಅದು ಅನುಮಾನದ ವಿಷಯವಲ್ಲ. ಕಂಬಕ್ಕೆ ಕೊಟ್ಟದ್ದು ಅವರ ಹೊಲದ ಬದುವಿನ ಬೇವಿನ ಮರ. ಮದುವೆಯಾಗಿ ಬಂದ ವರ್ಷ ಅವರೇ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದು. ಅದು ಗಾಳಿಗೆ ಬಿದ್ದಾಗ ಎರಡು ದಿನ ಊಟ ಮಾಡಲಿಲ್ಲವಂತೆ. ನವಲಗುಂದದ ಸಾಮಿಲ್ಲಿನಲ್ಲಿ ಮರ ಕೊಯ್ಯುವಾಗ ಎದುರಿಗೆ ನಿಂತು, ಪ್ರತಿ ತುಂಡಿನ ಬುಡದ ಕೊನೆಗೆ ಕೆಂಪು ಬಣ್ಣ ಹಚ್ಚಿಸಿದರು. ವರ್ಷವಿಡೀ ನೆರಳಲ್ಲಿ ಒಣಗಿಸಿ ನನ್ನ ಅಂಗಡಿಗೆ ಕಳಿಸಿದಾಗ ಹೇಳಿದ್ದು ಒಂದೇ ಮಾತು: “ಈರಣ್ಣ, ಹೂವಾ ಬಳ್ಳಿ ಏನೂ ಕೆತ್ತಬ್ಯಾಡ. ಬುಡಾ ಕೆಳಗಿದ್ರ ಸಾಕು.”

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಹುಬ್ಬಳ್ಳಿಯಿಂದ ಮರ ಹೆರೆಯುವ ಹೊಸ ರಂದಾ ಮಷೀನು ತಂದಿದ್ದೆ. ಕೈರಂದಾದಲ್ಲಿ ಅರ್ಧ ದಿನ ಹಿಡಿಯುವ ಕಂಬವನ್ನು ಅದು ಒಂದು ಕಪ್ ಚಹಾ ಆರುವುದರೊಳಗೆ ನುಣುಪು ಮಾಡುತ್ತದೆ. ಮೊದಲು ಕಂಬಗಳ ಎರಡೂ ತುದಿಗಳನ್ನು ಅಳತೆಗೆ ಕೊಯ್ದೆ. ಕೆಂಪು ಬಣ್ಣ ಹೋಗುತ್ತದೆಂದು ಗೊತ್ತಿತ್ತು; ಜಾಣತನದಿಂದ ಬುಡದ ಕಡೆ ಕಂಬದ ಮೈಮೇಲೆ ಪೆನ್ಸಿಲ್ಲಿನಿಂದ ಗುಣಾಕಾರದ ಗುರುತು ಹಾಕಿಕೊಂಡೆ. ಆಮೇಲೆ ಅದೇ ಮೈಯನ್ನು ಮಷೀನಿಗೆ ಕೊಟ್ಟೆ. ಗುರುತು ಹಾಕಿದ್ದೂ ನಾನೇ, ಅದನ್ನು ಹೊಟ್ಟು ಮಾಡಿದ್ದೂ ನಾನೇ, ನಡುವೆ ಹೆಚ್ಚೆಂದರೆ ಏಳು ನಿಮಿಷ. ಕೊಯ್ದು ಬಿದ್ದ ಕೆಂಪು ತುಂಡುಗಳನ್ನು ಹುಡುಕಿಕೊಂಡು ಮನೆಗೆ ಓಡಿದೆ. ನೀರೊಲೆಯ ಮುಂದೆ ಕೂತಿದ್ದ ಹೆಂಡತಿ, “ಅಗದಿ ಚಲೋ ಉರದಾವ ನೋಡ್ರಿ, ನೀರು ಕಾದಾವ, ಜಳಕಾ ಮಾಡ್ರಿ,” ಎಂದಳು.

ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವವರು ಕಾಳಪ್ಪ ಕಾಕಾ. ನಮ್ಮ ಅಪ್ಪನ ತಮ್ಮ, ಎಪ್ಪತ್ತು ದಾಟಿದೆ, ಮಷೀನನ್ನು ಇಂದಿಗೂ ಕೈಯಿಂದ ಮುಟ್ಟಿಲ್ಲ. ಅವರು ಎರಡೂ ಕಂಬಗಳನ್ನು ಬಿಸಿಲಿಗೆ ಹಿಡಿದು ನೋಡಿದರು. ಎಡಗಂಬದಲ್ಲಿ ಒಂದು ಗಂಟಿತ್ತು. ಕೊಂಬೆ ಮೇಲ್ಮುಖವಾಗಿ ಬೆಳೆಯುವುದರಿಂದ ಗಂಟು ಓರೆಯಾಗಿ ಯಾವ ಕಡೆ ವಾಲಿದೆಯೋ ಅದು ತುದಿ. ಅದೊಂದು ಇತ್ಯರ್ಥವಾಯಿತು. ಬಲಗಂಬದಲ್ಲಿ ಗಂಟೇ ಇಲ್ಲ. ಬುಡದ ಕಡೆ ಭಾರ ಹೆಚ್ಚಿರುತ್ತದೆಂದು ಕೊಳವೆಯ ಮೇಲೆ ನಡುಮಧ್ಯಕ್ಕೆ ಇಟ್ಟು ತೂಗಿದೆವು. ಒಮ್ಮೆ ಆ ಕಡೆ ವಾಲಿತು, ಒಮ್ಮೆ ಈ ಕಡೆ. ನೀರಲ್ಲಿ ಬಿಟ್ಟರೆ ಬುಡ ತುಸು ಮುಳುಗುತ್ತದೆ ಎಂಬುದು ಹಳೆಯ ಪರೀಕ್ಷೆ. ದನಗಳು ನೀರು ಕುಡಿಯುವ ಉದ್ದನೆಯ ಸಿಮೆಂಟಿನ ತೊಟ್ಟಿಗೆ ಹೊತ್ತೊಯ್ದು ಬಿಟ್ಟೆವು. ರವಿವಾರದ ನೌಕರದಾರನ ಹಾಗೆ ಕಂಬ ಸಮನಾಗಿ ಮಲಗಿಬಿಟ್ಟಿತು. ಎತ್ತುಗಳಿಗೆ ನೀರು ಕುಡಿಸಲು ಬಂದವನೊಬ್ಬ ಸ್ವಲ್ಪ ಹೊತ್ತು ನೋಡಿ, “ಯಾಕೋ ಈರಣ್ಣ, ಕಟಿಗಿಗೆ ನೀರಡಿಕಿ ಆಗೇತೇನು?” ಎಂದು ಕೇಳಿದ.

“ಲೇ ಈರ್ಯಾ, ನೀಲವ್ವನ್ನ ಕೇಳು,” ಎಂದರು ಕಾಕಾ. “ಗಿಡಾ ಆಕೀದು. ಆಕಿಗೆ ಗೊತ್ತಿರತೈತಿ.”

“ಕೇಳಿದ್ರ ಗುರತಾ ಕಳಕೊಂಡೇನಂತ ಗೊತ್ತಾಗತೈತಲ್ಲ ಕಾಕಾ?”

“ಕಳಕೊಂಡೀದಿಲ್ಲೋ ಮತ್ತ?”

ನಾನು ಕೆಲಸಕ್ಕೆ ಕೂತೆ. ಆ ಕಂಬದ ಒಂದು ಕೊನೆಯಿಂದ ಒಂದೂವರೆ ಅಡಿ ದೂರದಲ್ಲಿ ರೂಪಾಯಿಯಷ್ಟು ಅಗಲದ ಕಪ್ಪು ಕಲೆಯೊಂದಿತ್ತು. ಉಜ್ಜಿದರೂ ಹೋಗಲಿಲ್ಲ. ಕೊನೆಗೆ ಬುಡ-ತುದಿಯ ಪ್ರಶ್ನೆಯನ್ನು ನಾನು ಬಗೆಹರಿಸಿದ್ದು ಆ ಕಲೆಯಿಂದ. ಕೆಳಗಿದ್ದರೆ ಹೊಸ್ತಿಲಿಗೆ ನಮಸ್ಕಾರ ಮಾಡುವವರ ಕಣ್ಣಿಗೆ ಬೀಳುತ್ತದೆ, ಮೇಲಿದ್ದರೆ ಯಾರೂ ಕತ್ತೆತ್ತಿ ನೋಡುವುದಿಲ್ಲ. ಕಲೆಯನ್ನು ಮೇಲೆ ಮಾಡಿದೆ. ಬಾಗಿಲು ಬಂದು ಕೂರಲೆಂದು ಕಂಬದ ಅಂಚಿನುದ್ದಕ್ಕೂ ಕಚ್ಚು ತೆಗೆದೆ, ಚೌಕಟ್ಟು ಜೋಡಿಸಿದೆ, ಎಣ್ಣೆ ಹಚ್ಚಿದೆ. ಎಣ್ಣೆಗೆ ಕಲೆ ಇನ್ನಷ್ಟು ಕಪ್ಪಾಯಿತು.

ಈಗ ಮತ್ತೆ ಗುರುವಾರ, ಒಂಬತ್ತು ಹತ್ತು. ಚೌಕಟ್ಟು ನಿಂತಿದೆ. ಎಡಗಂಬವನ್ನು ಕಾಕಾ ಹಿಡಿದಿದ್ದಾರೆ. ಅಯ್ಯನವರು ಪೂಜೆಯ ಸಾಮಾನು ಹರಡಿದ್ದಾರೆ. ನೀಲವ್ವ ವಿಭೂತಿಯ ಬಟ್ಟಲು ಹಿಡಿದು ಬಂದು, “ಈರಣ್ಣ, ಬುಡಾ ಕೆಳಗದಾವಲ್ಲೋ?” ಎಂದರು.

“ಅದಾವ್ರಿ ಯವ್ವಾ. ಎರಡೂ,” ಎಂದೆ. ‘ಎರಡೂ’ ಎಂದು ಯಾರೂ ಕೇಳಿರಲಿಲ್ಲ. ನಾನೇ ಸೇರಿಸಿದೆ.

ನೀಲವ್ವ ಎಡಗಂಬಕ್ಕೆ ವಿಭೂತಿ ಹಚ್ಚಿ ಬಲಗಂಬಕ್ಕೆ ಬಂದರು. ಅವರು ಗಿಡ್ಡ. ಎತ್ತರದಲ್ಲಿ ಹಚ್ಚಬೇಕೆಂದು ಕೈ ಚಾಚಿ ಕತ್ತೆತ್ತಿದರು. ಕೈ ಅಲ್ಲಿಯೇ ನಿಂತಿತು.

“ಅದೇನದು ಮ್ಯಾಲ, ಕರ್ರಗ?”

“ಹುಟ್ಟಾ ಬಣ್ಣರಿ ಯವ್ವಾ. ಕಟಿಗೀದು.”

“ಹುಟ್ಟಾ ಬಣ್ಣಲ್ಲದು. ನಾ ಹೊಡದ ಮೊಳಿ. ಆಕಳ ಕರಾ ಕಟ್ಟಾಕ ಹೊಡದಿದ್ದೆ, ಮೊಣಕಾಲಮಟ. ಆಮ್ಯಾಲ ಕಿತ್ತೆ, ಕಲಿ ಉಳೀತು.” ಅವರು ತಮ್ಮ ಮೊಣಕಾಲು ನೋಡಿಕೊಂಡರು, ಕಲೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. “ನಮ್ಮ ಕರಾ ಹಾರತಿತ್ತೇನೋ ಈರಣ್ಣ?”

ಮೊದಲು ನಕ್ಕವರು ಅಯ್ಯನವರು. ಕಾಕಾ ನಗಲಿಲ್ಲ, ಕಂಬದ ಹಿಂದೆ ಮುಖ ಮರೆಮಾಡಿಕೊಂಡರು. ಕಂಬ ಮಾತ್ರ ಅಲುಗುತ್ತಿತ್ತು. ಮಾಸ್ತರರು ಗಡಿಯಾರ ನೋಡಿ, “ಅವ್ವಾ, ಇನ್ನ ಹದಿನಾಲ್ಕು ನಿಮಿಷ ಐತಿ. ನಡೀತೈತಿ ಬಿಡು,” ಎಂದರು.

“ನಿನಗ ನಡೀತೈತಿ. ತಲಿಕೆಳಗ ಮಾಡಿದ ನನ್ನ ಗಿಡದ ಬಾಜೂಕಿಂದ ನಾ ಒಳಗ ಬರೂದಿಲ್ಲ. ಮುಹೂರ್ತ ಮತ್ತ ಸಿಗತೈತಿ. ಈ ಗಿಡಾ ಸಿಗತೈತೇನು?” ಎಂದು ನೀಲವ್ವ ಇಟ್ಟಿಗೆ ರಾಶಿಯ ಮೇಲೆ ಕೂತುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಗೊತ್ತಿಲ್ಲರಿ ಅಂದಿದ್ರ ನಾ ಹೇಳತಿದ್ನೆಪಾ.” ಅವರು ಬೈದಿದ್ದರೆ ಇಷ್ಟು ವಿವರವಾಗಿ ನೆನಪಿರುತ್ತಿರಲಿಲ್ಲ.

ಚೌಕಟ್ಟು ಇಳಿಸಿದೆವು. ಕಾಕಾ ಹಟ ಹಿಡಿದು ಅಂಟಿಲ್ಲದೆ ಬರೀ ಕಟ್ಟಿಗೆಯ ಗೂಟ ಹೊಡೆದಿದ್ದರಿಂದ ಬಿಚ್ಚಲು ಬಂತು. ಆದರೆ ಕಂಬ ತಿರುವಿದರೆ ಕಚ್ಚು ತಪ್ಪು ಮಗ್ಗುಲಿಗೆ ಹೋಗುತ್ತದೆ. ಅದೇ ಮರದ ಉಳಿದ ತುಂಡಿನಿಂದ ಉದ್ದನೆಯ ಪಟ್ಟಿ ಸೀಳಿ ಹಳೆಯ ಕಚ್ಚು ತುಂಬಿ, ಇನ್ನೊಂದು ಮಗ್ಗುಲಿಗೆ ಹೊಸದು ತೆಗೆದೆ. ಮೂರು ದಿನ ಹಿಡಿಯಿತು, ಮಷೀನು ಮುಟ್ಟಲಿಲ್ಲ. ಬೆಸುಗೆಯ ಗೆರೆ ಕೂದಲಿನಷ್ಟೇ ಇದೆ, ಆದರೆ ಎಂಟು ಅಡಿ ಉದ್ದವಿದೆ. ಎಂಟು ದಿನದ ಮೇಲೆ ಮತ್ತೊಂದು ಮುಹೂರ್ತಕ್ಕೆ ನಿಲ್ಲಿಸಿದಾಗ ನೀಲವ್ವ ಆ ಗೆರೆಯ ಮೇಲೆ ಬೆರಳಾಡಿಸಿದರು, ಬಗ್ಗಿ ಮೊಳೆಯ ಕಲೆಗೆ ವಿಭೂತಿ ಹಚ್ಚಿದರು, ಬಲಗಾಲಿಟ್ಟು ಒಳಗೆ ಹೋದರು. ಈ ಕಸುಬಿನವರಿಗೆ ನಾನು ಹೇಳುವುದಿಷ್ಟೆ: ಬುಡದ ಗುರುತನ್ನು ಮೈಮೇಲೆ ಹಾಕಬೇಡಿ, ಕೊಯ್ದ ಕೊನೆಯ ಮೇಲೆಯೇ ಉಳಿಯಿಂದ ಕೊರೆಯಿರಿ, ರಂದಾ ಅಲ್ಲಿಗೆ ಬರುವುದಿಲ್ಲ.

ಆ ಗುರುವಾರ ಇದನ್ನು ಕಣ್ಣಾರೆ ಕಂಡವರು ಗುರುಸಿದ್ದಪ್ಪ ಮಾಸ್ತರರು, ಅಯ್ಯನವರು, ಕಾಳಪ್ಪ ಕಾಕಾ ಮತ್ತು ನೀಲವ್ವ. ನಾಲ್ವರೂ ಇದ್ದಾರೆ, ಆರೋಗ್ಯವಾಗಿದ್ದಾರೆ, ಯಾರು ಕೇಳಿದರೂ ಹೇಳುತ್ತಾರೆ; ಅಯ್ಯನವರಂತೂ ಕೇಳದಿದ್ದರೂ ಹೇಳುತ್ತಾರೆ. ಐದನೆಯವನು ನಾನು. ನಾನೂ ಬದುಕಿದ್ದೇನೆ. ಆದರೆ ತಿರ್ಲಾಪುರದಲ್ಲಿ ನನ್ನ ಸಾಕ್ಷಿಯನ್ನು ಸದ್ಯಕ್ಕೆ ಯಾರೂ ತೆಗೆದುಕೊಳ್ಳುತ್ತಿಲ್ಲ.