ಚಳ್ಳಕೆರೆಗೆ ಬಂದ ಕಡಲಪಾಚಿ

ಕಡಲೇ ಇಲ್ಲದ ಬಯಲುಸೀಮೆಯ ಚಳ್ಳಕೆರೆಯಲ್ಲಿ ಕೂತು ಕಡಲಪಾಚಿಯ ಮೇಲೆ ಸಂಶೋಧನೆ ಮಾಡುವವಳು ನಗು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಮನೆ ಬಾಗಿಲಿಗೆ ಬರುತ್ತದೆ. ನಾನು ಇಲ್ಲಿನ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಉಪನ್ಯಾಸಕಿ. ಪಾಚಿಯ ಸಾರಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಎಷ್ಟಿದೆ ಎಂದು ನೋಡುವುದು ನನ್ನ ಪಿಎಚ್.ಡಿ. ಕೆಲಸ.

ಬಸ್ಸಿನ ಮೂಟೆ

ಕಾರವಾರದ ಕಡೆಯಿಂದ ಒಣಗಿದ ಪಾಚಿಯ ಮೂಟೆ ತರುತ್ತಿದ್ದೆ. ಬಸ್ಸಿಡೀ ವಾಸನೆ. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಒಣಮೀನಾ ಮೇಡಂ?" ಅಂದ.

"ಅಲ್ಲಪ್ಪಾ, ಪಾಚಿ. ಸಮುದ್ರದಿಂದ ತಂದಿದ್ದು."

ಹಿಂದಿನ ಸೀಟಿನಲ್ಲಿದ್ದ ತಳಕು ಊರಿನ ಯಜಮಾನರು ಮುಂದಕ್ಕೆ ಬಗ್ಗಿದರು. "ಅಷ್ಟು ದೂರ ಯಾಕ್ ಹೋದ್ರಿ ತಾಯೀ? ನಮ್ಮನೆ ನೀರಿನ ತೊಟ್ಟಿ ತೊಳೆದು ಎರಡು ವರ್ಷ ಆಗೈತೆ. ಪುಕ್ಕಟೆ ಕೊಡ್ತಿದ್ವಲ್ಲ!"

ಸಾರ

"ಏನ್ ಮಾಡ್ತಾಳೆ ನಿಮ್ಮ ಮಗಳು?" ಎಂದು ಪಕ್ಕದ ಮನೆಯವರು ಅವ್ವನನ್ನು ಕೇಳಿದಾಗ, ನಾನು ಒಳಗಿನಿಂದಲೇ, "ಪಾಚಿ ಸಾರ ತೆಗೀತೀನಿ" ಅಂದೆ.

ಅವ್ವ ನಿಟ್ಟುಸಿರು ಬಿಟ್ಟಳು. "ಬ್ಯಾಳೆ ಸಾರು ಮಾಡಾಕೆ ಬರಲ್ಲ, ಪಾಚಿ ಸಾರು ಮಾಡ್ತಾಳಂತೆ!"

ತೊಳೆದ ತಟ್ಟೆಗಳು

ಗಾಜಿನ ಪುಟ್ಟ ತಟ್ಟೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ನಡುವೆ ಪಾಚಿ ಸಾರದ ಹನಿ ಹಾಕಿದ್ದೆ. ಹನಿಯ ಸುತ್ತ ಬ್ಯಾಕ್ಟೀರಿಯಾ ಸತ್ತು, ನಾಣ್ಯದಷ್ಟಗಲ ಜಾಗ ಸ್ವಚ್ಛವಾಗಿತ್ತು. ಎರಡು ವರ್ಷದಲ್ಲಿ ಮೊದಲ ಗೆಲುವು! ಮಾರನೇ ದಿನ ಅದನ್ನು ನೋಡಲೆಂದೇ ನನ್ನ ಮಾರ್ಗದರ್ಶಕರು ಬಂದರು. ಹೋಗಿ ನೋಡಿದರೆ ತಟ್ಟೆಗಳೆಲ್ಲ ಫಳಫಳ ಹೊಳೆಯುತ್ತಾ ಬಿಸಿಲಿಗೆ ಒಣಗುತ್ತಿವೆ.

"ಬೂಷ್ಟು ಹಿಡಿದಿತ್ತು ಮೇಡಂ, ತೊಳೆದುಬಿಟ್ಟೆ" ಎಂದಳು ಪ್ರಯೋಗಾಲಯ ಗುಡಿಸುವ ಆಯಾ.

ನನಗೆ ಅಳುವೇ ಬಂತು. ನಡೆದದ್ದನ್ನು ಮಾರ್ಗದರ್ಶಕರಿಗೆ ವಿವರಿಸುತ್ತಿದ್ದರೆ ಅವಳು ಮುಂದೆ ಬಂದು, "ಸಾರ್, ಇವರ ಔಷಧಿ ನಡುವೆ ಒಂದಿಷ್ಟು ಸಾಯ್ಸಿತ್ತು ಅಷ್ಟೇ. ನನ್ನ ಸೋಪಿನಪುಡಿ ಒಂದನ್ನೂ ಉಳಿಸಿಲ್ಲ ನೋಡ್ರಿ!" ಅಂದಳು.

ಅವರು ನಕ್ಕು ನಕ್ಕು, ಮತ್ತೆ ಮಾಡಿ ತೋರಿಸಲು ನನಗೆ ಇನ್ನೊಂದು ತಿಂಗಳು ಕೊಟ್ಟರು.

ರೇಷ್ಮೆ ತುಂಡು

ಬೆವರಿನ ಕ್ರಿಮಿ ಬಟ್ಟೆಗೆ ಹತ್ತದಂತೆ ಮಾಡಬಹುದೇ ಎಂದು ನೋಡಲು ಮೊಳಕಾಲ್ಮೂರಿನ ನೇಕಾರರ ಮನೆಯಿಂದ ರೇಷ್ಮೆ ತುಂಡು ತಂದು ಸಾರದಲ್ಲಿ ಅದ್ದಿದೆ. ಪರೀಕ್ಷೆಯಲ್ಲಿ ಕ್ರಿಮಿ ಹತ್ತಲಿಲ್ಲ. ಕುಣಿಯುತ್ತಾ ಹೋಗಿ ಅವರಿಗೇ ತೋರಿಸಿದೆ. ನೇಕಾರರ ಹೆಂಡತಿ ಮೂಸಿ ನೋಡಿ, "ಅಬ್ಬಾ, ಏಂ ವಾಸನ!" ಎಂದು ತೆಲುಗಿನಲ್ಲೇ ಕೂಗಿ ಸೆರಗು ಮೂಗಿಗಿಟ್ಟರು.

"ಕ್ರಿಮಿ ಹತ್ರ ಬರಲ್ಲ ಅಕ್ಕಾ" ಅಂದೆ.

"ನಿಜಾನೇ ಬಿಡಮ್ಮಾ. ಇಂಥ ಸೀರೆ ಉಟ್ಟರೆ ಗಂಡನೂ ಬರಲ್ಲ."

ನನ್ನಿವಾಳದ ಕುರಿ

ಒಂದು ದಿನ ನನ್ನಿವಾಳ ಊರಿನ ಅಜ್ಜರೊಬ್ಬರು ಕುರಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಪ್ರಯೋಗಾಲಯಕ್ಕೇ ಬಂದರು. ಅದರ ಗೊರಸುಗಳ ಸಂದಿಯಲ್ಲಿ ಕೀವು. "ನಿಮ್ಮ ಪಾಚಿ ಔಷಧ ಹಚ್ರಿ" ಅಂದರು.

"ಅಜ್ಜಾ, ಇದನ್ನ ಇನ್ನೂ ಪ್ರಾಣಿಗಳ ಮೇಲೆ ನೋಡಿಲ್ಲ. ಪಶು ಆಸ್ಪತ್ರೆಗೆ ಹೋಗ್ರಿ."

"ಕ್ರಿಮಿ ಸಾಯ್ತೈತೆ ಅಂತಾರಲ್ಲ?"

"ಸಾಯ್ತೈತೆ. ಆದ್ರೆ ಸದ್ಯಕ್ಕೆ ತಟ್ಟೆಯೊಳಗೆ ಮಾತ್ರ."

ಅಜ್ಜ ಕುರಿಯನ್ನು ಕೆಳಗಿಳಿಸಿ, ಅದರ ಕಾಲು ನೋಡಿದರು, ನನ್ನ ಪುಟ್ಟ ತಟ್ಟೆ ನೋಡಿದರು.

"ಅಷ್ಟೇನಾ? ಇಂಥವು ನಾಲ್ಕು ಕೊಡ್ರಿ ಮತ್ತೆ, ಒಂದೊಂದು ಕಾಲು ಒಂದೊಂದ್ರಾಗೆ ಇಟ್ಟು ನಿಲ್ಲಿಸ್ತೀನಿ!"